ಚೌಕಾಬಾರ ಕಲಿಯೋಣ: ನಾಲ್ಕು ಕವಡೆ, 25 ಮನೆ

ಕಪಿಲೆಯ ದಂಡೆಯ ಸುತ್ತೂರಿನಲ್ಲಿ ಪ್ರತಿವರ್ಷ ನಡೆಯುವ ಜಾತ್ರೆಯಲ್ಲಿ ಕುಸ್ತಿ, ಗಾಳಿಪಟಗಳ ಜೊತೆ ದೇಸಿ ಆಟಗಳಿಗೂ ಜಾಗವಿದೆ. ಜಾತ್ರೆಗೆ ಹೊರಡುವ ಮುನ್ನ ಮಕ್ಕಳಿಗೆ ಕಲಿಸಲೇಬೇಕಾದ ಆಟ ಚೌಕಾಬಾರ. ಹಳೆ ಮೈಸೂರಿನ ಕೆಲವು ಮನೆಗಳಲ್ಲಿ ಇದೇ ಕಟ್ಟೆಮನೆ. ಗೋವಾದ ಕ್ಯಾಸಿನೊಗಳಲ್ಲಿ ದಾಳ ಉರುಳಿದ ಮೇಲೆ ಆಟಗಾರನಿಗೆ ಹೆಚ್ಚು ಕೆಲಸವಿಲ್ಲ, ಹಣ ಬಂತು ಅಥವಾ ಹೋಯಿತು. ಇಲ್ಲಿ ಗರ ಬಿದ್ದ ಮೇಲೆಯೇ ಬುದ್ಧಿಗೆ ಕೆಲಸ ಶುರು. ಪಣವಿಲ್ಲದೆಯೇ ಆಡಿ, ಆಟದ ಸೊಗಸು ಅದರಲ್ಲೇ ಇದೆ.

ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಅಡ್ಡಕ್ಕೆ ಐದು, ಉದ್ದಕ್ಕೆ ಐದು ಮನೆ ಬರೆಯಿರಿ. ನಾಲ್ಕೂ ಬದಿಯ ಮಧ್ಯದ ಮನೆಗೆ ಮತ್ತು ಹೃದಯಭಾಗದ ನಡುಮನೆಗೆ ಕತ್ತರಿ ಗುರುತು ಹಾಕಿ. ಇವು ಕಟ್ಟೆಗಳು, ಇಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಇಬ್ಬರಿಂದ ನಾಲ್ವರವರೆಗೆ ಆಡಬಹುದು. ತಲಾ ನಾಲ್ಕು ಕಾಯಿ, ಬಳೆಚೂರಾದರೂ ಸರಿ, ಹುರುಳಿಕಾಳಾದರೂ ಸರಿ; ಬಣ್ಣ ಬೇರೆಯಿದ್ದರೆ ಸಾಕು. ನಿಮ್ಮ ಬದಿಯ ಕಟ್ಟೆಯೇ ನಿಮ್ಮ ಕಾಯಿಗಳು ಹೊರಡುವ ಜಾಗ.

ಕವಡೆ ಸಿಗದಿದ್ದರೆ ನಾಲ್ಕು ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿಕೊಳ್ಳಿ. ಎಷ್ಟು ಬಿಳಿ ಮೇಲೆ ಬೀಳುತ್ತದೋ ಅಷ್ಟು ಗರ. ನಾಲ್ಕೂ ಬಿಳಿ ಚೌಕ, ಅಂದರೆ 4. ನಾಲ್ಕೂ ಕಪ್ಪು ಬಾರ, ಅಂದರೆ 8. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಗರ ಹಾಕುವ ಹಕ್ಕು.

ಹೊರಸುತ್ತಿನಲ್ಲಿ ಕಾಯಿಗಳು ಬಲಕ್ಕೆ ಹೊರಟು, ಗಡಿಯಾರದ ಮುಳ್ಳಿಗೆ ಎದುರಾಗಿ ನಡೆಯುತ್ತವೆ. ನಿಮ್ಮ ಕಟ್ಟೆಯ ಎಡಪಕ್ಕದ ಮನೆ 15ನೆಯದು. ಅಲ್ಲಿಂದ ಒಳಸುತ್ತಿಗೆ ಹೊಕ್ಕು ದಿಕ್ಕು ಬದಲಿಸಿ, ಎಂಟು ಮನೆ ಗಡಿಯಾರದ ಮುಳ್ಳಿನಂತೆ ನಡೆದರೆ ಕೊನೆಗೆ ನಡುಮನೆ. ಒಟ್ಟು 24 ಹೆಜ್ಜೆ. ನಡುಮನೆ ಸೇರಿದ ಕಾಯಿ ಹಣ್ಣು.

ಎದುರಾಳಿಯ ಕಾಯಿ ಇರುವ ಮನೆಗೇ ನಿಮ್ಮ ಗರ ಸರಿಯಾಗಿ ತಲುಪಿಸಿದರೆ ಅದನ್ನು ಕಡಿಯಬಹುದು. ಅದು ತನ್ನ ಕಟ್ಟೆಗೆ ಮರಳಿ ಮೊದಲಿಂದ ಹೊರಡಬೇಕು, ನಿಮಗೊಂದು ಗರ ಹೆಚ್ಚು. ಆಟದ ಜೀವ ಇಲ್ಲಿದೆ: ಒಂದಾದರೂ ಕಾಯಿ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಹಾಗಾಗಿ ಕಟ್ಟೆಯಿಂದ ಕಟ್ಟೆಗೆ ಹೆದರಿ ಜಿಗಿಯುತ್ತಾ ಕೂತರೆ ಗೆಲುವು ದೂರ.

ಬೀಜಗಳ ಎರಡೂ ಮಗ್ಗುಲು ಸಮವಾಗಿ ಬೀಳುತ್ತವೆ ಎಂದುಕೊಂಡರೆ, ಬೀಳುವ 16 ಬಗೆಗಳಲ್ಲಿ ಎರಡರ ಗರ 6 ಬಗೆಯಲ್ಲಿ, ಒಂದು ಮತ್ತು ಮೂರು ತಲಾ 4 ಬಗೆಯಲ್ಲಿ ಬರುತ್ತವೆ. ಚೌಕಕ್ಕೂ ಬಾರಕ್ಕೂ ಒಂದೊಂದೇ. ಆದ್ದರಿಂದ ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಮ್ಮದು ನಿಂತಿದ್ದರೆ ಅದನ್ನೇ ಮೊದಲು ಸರಿಸಿ. ಕಡಿಯಬೇಕಾದ ಕಾಯಿಯ ಹಿಂದೆ ಎರಡು ಮನೆ ದೂರದಲ್ಲಿ ಹೊಂಚು ಹಾಕಿ. ನಾಲ್ಕು ಕಾಯಿಯನ್ನೂ ಹಂಚಿ ನಡೆಸುವವರಿಗೆ ಪ್ರತಿ ಗರಕ್ಕೂ ಆಯ್ಕೆ ಉಳಿಯುತ್ತದೆ.

ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ್ ಇಂಥ ಆಟಗಳ ಹಾಸುಗಳನ್ನೇ ಹೊಸದಾಗಿ ರೂಪಿಸಿದ ಆಟಪ್ರಿಯರು. ಇಂದು ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಆಟಗಳ ಹಾಸು, ಕಾಯಿಗಳಿಗೆ ಮತ್ತೆ ಬೇಡಿಕೆ ತಂದಿದೆ. ಆದರೆ ಮನೆಗೊಂದು ನಿಯಮವಿರುತ್ತದೆ. ಕಾಯಿ ಹೊರಡಲು ಚೌಕವೋ ಬಾರವೋ ಬೀಳಲೇಬೇಕೆ, ಒಂದೇ ಮನೆಯ ಜೋಡಿ ಕಾಯಿಯನ್ನು ಕಡಿಯಬಹುದೆ ಎಂಬುದನ್ನು ಮೊದಲ ಗರಕ್ಕೆ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ. ಕೊನೆಯ ಹೆಜ್ಜೆಗೆ ಲೆಕ್ಕ ಸರಿಹೊಂದಬೇಕು: ಎರಡು ಮನೆ ಉಳಿದಿರುವಾಗ ಮೂರು ಬಿದ್ದರೆ ಆ ಕಾಯಿ ಅಲ್ಲೇ ಕಾಯಬೇಕು.