ಪ್ರಶ್ನೋತ್ತರ: ಒಂದೇ ರಾಶಿ, ಎರಡು ಸೇರು

ಧರ್ಮಗ್ರಂಥಗಳ ಬಗ್ಗೆ ಗದಗ ಸೀಮೆಯ ಓದುಗರು ಬರೆದ ಪತ್ರಗಳಲ್ಲಿ ಈ ಸಲ ಐದಕ್ಕೆ ಉತ್ತರ. ಐದೂ ಒಂದೇ ವಿಷಯದ ಸುತ್ತ ಇರುವುದರಿಂದ ಒಟ್ಟಿಗೇ ಇಟ್ಟಿದ್ದೇನೆ.

ಗುರುಗಳೇ, ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಾಗ ಒಬ್ಬರು ಕರಪತ್ರ ಕೊಟ್ಟರು. ಯೆಹೂದ್ಯರ ಗ್ರಂಥದಾಗಿನ ಮುನ್ನೂರಕ್ಕೂ ಹೆಚ್ಚು ಪ್ರವಾದನೆ ಯೇಸುವಿನಿಂದ ನೆರವೇರ್ಯಾವ ಅಂತ ಬರದೈತಿ. ಹಂಗಿದ್ರ ಯೆಹೂದ್ಯರೇ ಯಾಕ ಒಪ್ಪಲಿಲ್ಲ?
– ಒಬ್ಬ ರೈತ, ಬಾಳೆಹೊಸೂರ

ನಿಮ್ಮ ಪ್ರಶ್ನೆ ಎರಡು ಸಾವಿರ ವರ್ಷ ಹಳೆಯದು. ಮೊದಲು ಪದ ನೋಡೋಣ. ಹೀಬ್ರೂ ಭಾಷೆಯ 'ಮಾಶಿಯಾಖ್' ಎಂದರೆ ಎಣ್ಣೆಯಿಂದ ಅಭಿಷೇಕ ಮಾಡಿಸಿಕೊಂಡವನು. ಅದೇ ಗ್ರೀಕಿನಲ್ಲಿ 'ಕ್ರಿಸ್ತ' ಆಯಿತು, ಕನ್ನಡ ಬೈಬಲ್ಲಿನಲ್ಲಿ 'ಮೆಸ್ಸೀಯ', 'ಅಭಿಷಿಕ್ತ' ಆಯಿತು. ಹಳೆಯ ಗ್ರಂಥದಲ್ಲಿ ಅರಸರಿಗೂ ಯಾಜಕರಿಗೂ ಈ ಮಾತು ಸಲ್ಲುತ್ತಿತ್ತು. ಪ್ರವಾದಿ ಯೆಶಾಯನ ಗ್ರಂಥದ 45ನೇ ಅಧ್ಯಾಯ ಪರ್ಷಿಯಾದ ದೊರೆ ಕೋರೆಷನನ್ನೇ ಅಭಿಷಿಕ್ತ ಎಂದು ಕರೆಯುತ್ತದೆ. ಅವನು ಯೆಹೂದ್ಯನೂ ಅಲ್ಲ. ಬಾಬಿಲೋನ್ ಗೆದ್ದು ಸೆರೆಯಲ್ಲಿದ್ದ ಯೆಹೂದ್ಯರನ್ನು ಊರಿಗೆ ಕಳಿಸಿಕೊಟ್ಟ, ಅಷ್ಟೇ.

ಮುಂದೆ ಬರಲಿರುವ ಅರಸನಿಂದ ಯೆಹೂದ್ಯರು ಬಯಸಿದ್ದು ಕಣ್ಣಿಗೆ ಕಾಣುವ ಕೆಲಸ. ಅವನು ದಾವೀದನ ವಂಶದವನಾಗಿರಬೇಕು. ಚದುರಿಹೋದ ಜನ ಒಂದಾಗಬೇಕು, ದೇವಾಲಯ ಮತ್ತೆ ನಿಲ್ಲಬೇಕು, ಯುದ್ಧ ನಿಂತು ಕತ್ತಿಗಳನ್ನು ನೇಗಿಲ ಕುಳವಾಗಿ ಬಡಿಯುವ ಕಾಲ ಬರಬೇಕು. ಯೇಸು ಬಂದುಹೋದ ಮೇಲೆ ಆದದ್ದು ಇದರ ತಿರುವುಮುರುವು. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನೇ ಕೆಡವಿದರು, ಜನ ಇನ್ನಷ್ಟು ಚದುರಿದರು. 12ನೇ ಶತಮಾನದ ಯೆಹೂದಿ ಪಂಡಿತ ಮೈಮೋನಿಡೀಸ್ ಈ ಲೆಕ್ಕವನ್ನು ನಿಯಮವಾಗಿಯೇ ಬರೆದಿಟ್ಟ: ದೇವಾಲಯ ಕಟ್ಟಿ ಜನರನ್ನು ಕೂಡಿಸಿದರೆ ಅವನೇ ಮೆಸ್ಸೀಯ; ಕೆಲಸ ಕೈಗೂಡದೆ ಕೊಲೆಯಾದರೆ ಅವನಲ್ಲ.

ಇದು ಯೇಸುವಿನ ಮೇಲಿನ ಹಗೆಯಿಂದ ಮಾಡಿದ ಅಳತೆಯಲ್ಲ. ಕ್ರಿ.ಶ. 132ರಲ್ಲಿ ರೋಮಿನ ವಿರುದ್ಧ ಎದ್ದ ಬಾರ್ ಕೋಖ್ಬನನ್ನು ರಬ್ಬಿ ಅಕೀವನಂಥ ಮಹಾಗುರುವೇ ಮೆಸ್ಸೀಯ ಎಂದು ಸಾರಿದ್ದ. 135ರಲ್ಲಿ ಬಾರ್ ಕೋಖ್ಬ ಸತ್ತ, ದಂಗೆ ಮುರಿಯಿತು. ಯೆಹೂದ್ಯರು ಅವನನ್ನೂ ಅದೇ ಸೇರಿನಲ್ಲಿ ಅಳೆದು ಬದಿಗಿಟ್ಟರು.

ಕನ್ಯೆ ಗರ್ಭ ಧರಿಸುವಳು ಎಂದು ಯೆಶಾಯ ಏಳು ನೂರು ವರ್ಷ ಮೊದಲೇ ಹೇಳಿದ್ದಾನಲ್ಲ? ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆ?
– ಕಾಲೇಜು ವಿದ್ಯಾರ್ಥಿನಿ, ಲಕ್ಷ್ಮೇಶ್ವರ

ಯೆಶಾಯ 7:14ರ ಹೀಬ್ರೂ ಪದ 'ಅಲ್ಮಾ'. ವಯಸ್ಸಿಗೆ ಬಂದ ಹುಡುಗಿ ಎಂಬುದು ಅದರ ಅರ್ಥ. ಕ್ರಿಸ್ತಪೂರ್ವದಲ್ಲಿ ಯೆಹೂದ್ಯರೇ ಗ್ರೀಕಿಗೆ ಅನುವಾದಿಸಿದಾಗ ಅಲ್ಲಿ 'ಪಾರ್ಥೆನೊಸ್' ಎಂಬ ಪದ ಹಾಕಿದರು. ಅದಕ್ಕೆ ಗಂಡಿನ ಸಂಗವಿಲ್ಲದವಳು ಎಂಬ ಅರ್ಥ ಬಲವಾಗಿದೆ. ಯೇಸುವಿನ ಜನನದ ಕಥೆಯಲ್ಲಿ ಸುವಾರ್ತೆಗಾರ ಮತ್ತಾಯನು ಉಲ್ಲೇಖಿಸಿದ್ದು ಈ ಗ್ರೀಕ್ ಪಾಠವನ್ನು.

ನಮ್ಮ ಕಡೆ 'ಕನ್ಯಾ ನೋಡಾಕ ಹೊಂಟೀವಿ' ಅನ್ನುವುದಿಲ್ಲವೆ? ಅಲ್ಲಿ ಕನ್ಯಾ ಎಂದರೆ ಮದುವೆಗೆ ಬಂದ ಹುಡುಗಿ, ಅಷ್ಟೆ. ಅದೇ ಪದವನ್ನು ಪುರಾಣದಲ್ಲಿ ಓದಿದರೆ ಬೇರೆ ಅರ್ಥ ಏಳುತ್ತದೆ. ಅಲ್ಮಾ ವಿಷಯದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ.

ಸಂದರ್ಭವನ್ನೂ ನೋಡಿ. ಕ್ರಿ.ಪೂ. 735ರ ಸುಮಾರಿಗೆ ಇಬ್ಬರು ಅರಸರು ಯೆರೂಸಲೇಮಿನ ಮೇಲೆ ಏರಿಬಂದಿದ್ದಾರೆ, ಅಲ್ಲಿನ ದೊರೆ ಆಹಾಜ ನಡುಗುತ್ತಿದ್ದಾನೆ. ಹುಟ್ಟುವ ಮಗು ಒಳ್ಳೆಯದು ಕೆಟ್ಟದ್ದು ತಿಳಿಯುವಷ್ಟರಲ್ಲಿ ಆ ಇಬ್ಬರ ನಾಡು ಹಾಳುಬೀಳುತ್ತದೆ ಎಂದು ಪ್ರವಾದಿ ಅವನಿಗೆ ಧೈರ್ಯ ಹೇಳುತ್ತಾನೆ. ಏಳು ಶತಮಾನದ ನಂತರದ ಹೆರಿಗೆಯಿಂದ ಆಹಾಜನಿಗೆ ಏನು ಸಮಾಧಾನ? 14ನೇ ವಚನವನ್ನು 16ನೆಯದರ ಜೊತೆ ಓದಿದರೆ ಸಂಗತಿ ತಿಳಿಯುತ್ತದೆ.

ಹಾಗಾದರೆ ಮತ್ತಾಯ ಸುಳ್ಳು ಹೇಳಿದನೇ?
– ನಿವೃತ್ತ ಶಿಕ್ಷಕ, ಮುಂಡರಗಿ

ಸುಳ್ಳು ಎನ್ನಲಾರೆ. ಅವನು ಓದಿದ ದಿಕ್ಕು ಬೇರೆ. ಒಂದು ಉದಾಹರಣೆ ಕೊಡುತ್ತೇನೆ. ಅರಸನು ಕತ್ತೆಯ ಮೇಲೆ ಬರುವನು, ಕತ್ತೆಮರಿಯ ಮೇಲೆ ಬರುವನು ಎಂಬ ಅರ್ಥದ ಸಾಲು ಪ್ರವಾದಿ ಜೆಕರ್ಯನ ಗ್ರಂಥದಲ್ಲಿದೆ. ಹೀಬ್ರೂ ಕಾವ್ಯದಲ್ಲಿ ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳುವುದು ರೂಢಿ. ಹಂತಿ ಪದ ಹಾಡುವವರು ಕಣದ ಎತ್ತನ್ನು ಒಮ್ಮೆ ಎತ್ತು ಎಂದು, ಮತ್ತೊಮ್ಮೆ ಬಸವಣ್ಣ ಎಂದು ಕರೆದರೆ ಎತ್ತು ಎರಡಾಗುವುದಿಲ್ಲವಲ್ಲ, ಹಾಗೆ. ಮಾರ್ಕ, ಲೂಕ, ಯೋಹಾನರ ಸುವಾರ್ತೆಗಳಲ್ಲಿ ಯೇಸು ಯೆರೂಸಲೇಮಿಗೆ ಬರುವುದು ಒಂದೇ ಪ್ರಾಣಿಯ ಮೇಲೆ. ಮತ್ತಾಯನಲ್ಲಿ ಮಾತ್ರ ಶಿಷ್ಯರು ಕತ್ತೆಯನ್ನೂ ಮರಿಯನ್ನೂ ಹಿಡಿದು ತರುತ್ತಾರೆ. ಹಳೆಯ ಸಾಲಿನ ಪ್ರತಿ ಪದಕ್ಕೂ ಘಟನೆ ಹೊಂದಬೇಕೆಂಬ ಕಾಳಜಿ ಅಲ್ಲಿ ಎದ್ದು ಕಾಣುತ್ತದೆ.

ಹೀಗೆ ಹೊಂದಿಸಿ ಓದುವುದು ನಮ್ಮಲ್ಲೂ ಇದೆ. ನೀವು ಮೈಲಾರದ ಜಾತ್ರೆಗೆ ಹೋಗಿರಬಹುದು. ಹೊಳೆಯಾಚೆ ಡೆಂಕನ ಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದಾಗ ಲಕ್ಷ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಸಾಲಿನ ಭವಿಷ್ಯ, ಅಂದರೆ ಕಾರ್ಣಿಕ, ನುಡಿದು ಅವನು ಕೆಳಗೆ ಬೀಳುತ್ತಾನೆ. ಮರಳುವ ದಾರಿಯಲ್ಲಿ ರೈತ ಅದರಲ್ಲಿ ಮಳೆಯನ್ನು ಕಾಣುತ್ತಾನೆ, ವ್ಯಾಪಾರಿ ಧಾರಣೆಯನ್ನು, ರಾಜಕಾರಣಿ ಕುರ್ಚಿಯನ್ನು. ವರ್ಷ ಕಳೆದ ಮೇಲೆ ಏನಾಗಿರುತ್ತದೋ ಅದಕ್ಕೆ ಹೊಂದಿಸಿ 'ಅವತ್ತೇ ಹೇಳಿತ್ತು ನೋಡು' ಅನ್ನುತ್ತೇವೆ. ಯಾರೂ ಮೋಸ ಮಾಡಿರುವುದಿಲ್ಲ, ಘಟನೆಯಿಂದ ನುಡಿಯ ಕಡೆಗೆ ಹಿಂದಕ್ಕೆ ನಡೆದಿರುತ್ತೇವೆ. ಮತ್ತಾಯನಿಗೆ ಯೇಸು ಮೆಸ್ಸೀಯನೆಂಬುದು ಮೊದಲೇ ಖಚಿತವಾಗಿತ್ತು. ಆ ಬೆಳಕು ಹಿಡಿದುಕೊಂಡು ಅವನು ಹಳೆಯ ಗ್ರಂಥದೊಳಗೆ ಹೋದ.

ನಮ್ಮದು ತಲೆಮಾರುಗಳಿಂದ ಬಾಸೆಲ್ ಮಿಶನ್ ಸಭೆಯ ಕುಟುಂಬ. ಶುಭ ಶುಕ್ರವಾರ ಯೆಶಾಯ 53 ಓದುವಾಗ ಈಗಲೂ ಕಣ್ಣು ತುಂಬುತ್ತದೆ. ಅದು ಯೇಸುವಿನ ಬಗ್ಗೆ ಅಲ್ಲವಾದರೆ ನಾವು ನಂಬಿದ್ದೆಲ್ಲ ಸುಳ್ಳೇ?
– ಗೃಹಿಣಿ, ಬೆಟಗೇರಿ

ತಾಯಿ, ಈ ಸಂಶಯ ನಿಮ್ಮ ಬೈಬಲ್ಲಿನಲ್ಲೇ ಇದೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ರಥದಲ್ಲಿ ಕೂತ ಇಥಿಯೋಪ್ಯದ ಅಧಿಕಾರಿ ಇದೇ ಭಾಗ ಓದುತ್ತ, ಪ್ರವಾದಿ ಹೇಳುತ್ತಿರುವುದು ತನ್ನನ್ನು ಕುರಿತೋ ಬೇರೊಬ್ಬನನ್ನು ಕುರಿತೋ ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಸೆರೆಮನೆಯಲ್ಲಿದ್ದ ಸ್ನಾನಿಕ ಯೋಹಾನನೇ ಬರಬೇಕಾದವನು ನೀನೇ ಹೌದೋ ಎಂದು ಯೇಸುವಿಗೆ ಹೇಳಿಕಳಿಸಿದ. ಯೇಸು ಶಿಲುಬೆಗೇರಿದ ಮೇಲೆ ಎಮ್ಮಾಹುವಿನ ದಾರಿ ಹಿಡಿದ ಶಿಷ್ಯರು ಆಸೆ ಕೈಬಿಟ್ಟೇ ನಡೆದಿದ್ದರು. ಕೇಳಿದವರನ್ನು ಬೈಬಲ್ ಹೊರಗೆ ಹಾಕಿಲ್ಲ.

'ರಾಶಿ' ಎಂಬ ಹೆಸರಿನ 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ, ಯೆಶಾಯ 53ರಲ್ಲಿ ಬರುವ ನೋವುಂಡ ಸೇವಕನನ್ನು ಇಸ್ರಾಯೇಲ್ ಜನಾಂಗ ಎಂದು ಓದಿದ. ಯೆಶಾಯನ 49ನೇ ಅಧ್ಯಾಯ ಸೇವಕನನ್ನು ಇಸ್ರಾಯೇಲ್ ಎಂದೇ ಕರೆಯುವುದರಿಂದ ಆ ಓದಿಗೆ ಆಧಾರವಿದೆ. ಆದರೆ ಯೆಹೂದ್ಯರ ಹಳೆಯ ಅರಮಾಯಿಕ್ ಅನುವಾದ ಅದೇ ಸೇವಕನಲ್ಲಿ ಮೆಸ್ಸೀಯನನ್ನು ಕಂಡಿದೆ. ಅವರಲ್ಲೂ ಒಂದೇ ಓದು ಇರಲಿಲ್ಲ.

ಮೆಸ್ಸೀಯನಿಂದ ಆಗಬೇಕಾಗಿ ಉಳಿದ ಕೆಲಸ ಯೇಸುವಿನ ಎರಡನೇ ಬರುವಿಕೆಯಲ್ಲಿ ಮುಗಿಯುತ್ತದೆ ಎಂದು ಕ್ರೈಸ್ತರು ನಂಬುತ್ತಾರೆ. ಯೆಹೂದ್ಯರು, ಎರಡು ಕಂತಿನ ಮಾತು ಗ್ರಂಥದಲ್ಲಿ ಎಲ್ಲಿದೆ ಎನ್ನುತ್ತಾರೆ. 1263ರಲ್ಲಿ ಬಾರ್ಸಿಲೋನಾದಲ್ಲಿ ಅರಗಾನಿನ ದೊರೆಯ ಎದುರು ನಡೆದ ವಾದದಲ್ಲಿ ರಬ್ಬಿ ನಾಖ್ಮನಿಡೀಸ್, ಯೇಸುವಿನ ಕಾಲದಿಂದ ಈವರೆಗೂ ಲೋಕದಲ್ಲಿ ಹಿಂಸೆ ತುಂಬಿದೆಯಲ್ಲ ಎಂದು ಕೇಳಿದ್ದ. ಆ ಪ್ರಶ್ನೆ ಇಂದಿಗೂ ನಿಂತಿದೆ. ಆದರೆ ನಿಮ್ಮ ಕಣ್ಣೀರಿಗೆ ಪುರಾವೆಯ ರಸೀದಿ ಬೇಕಿಲ್ಲ. ನೋವುಂಡವನಲ್ಲಿ ದೇವರನ್ನು ಕಾಣುವುದು ನಂಬಿಕೆ. ಅದನ್ನು ಗಣಿತದ ಸಾಕ್ಷಿ ಎಂದು ಬೇರೆಯವರ ಮೇಲೆ ಹೇರಿದಾಗ ಮಾತ್ರ ತಕರಾರು ಹುಟ್ಟುತ್ತದೆ.

ನಮ್ಮ ನಾಡಿನಲ್ಲಿ ಇಂಥ ಪ್ರಸಂಗ ಏನಾದರೂ ನಡೆದಿತ್ತೇ?
– ವಕೀಲರು, ಗದಗ

ನಿಮ್ಮ ಊರ ಬಗಲಲ್ಲೇ ನಡೆದಿದೆ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಆಗ ಈ ಭಾಗದಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿದ ಜನರಿದ್ದರು. ವೀರ ವಸಂತರಾಯ ಬರುತ್ತಾನೆ, ಹಾಳಾದ ಕಲ್ಯಾಣ ಮತ್ತೆ ಏಳುತ್ತದೆ ಎಂಬುದು ಅವರ ಕಾಯುವಿಕೆ. ದಾವೀದನ ಕುಲದ ಅರಸ, ಹಾಳುಬಿದ್ದ ಯೆರೂಸಲೇಮು ಎಂಬ ಆಸೆಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ! ಅವರಲ್ಲಿ ಕೆಲವರು ನಮ್ಮ ನುಡಿ ಹೇಳಿದ ಗುರುಗಳು ಇವರೇ ಇರಬೇಕೆಂದು ಜರ್ಮನ್ ಪಾದ್ರಿಗಳ ಬಳಿ ಬಂದರು. ಹರ್ಮನ್ ಮೊಗ್ಲಿಂಗ್ ಮತ್ತು ಜೊತೆಗಾರರಿಗೂ ದೊಡ್ಡ ಆಸೆ ಹುಟ್ಟಿತು. ಹೀಗೆ ಬಂದವರನ್ನು ನೆಲೆಗೊಳಿಸಲು ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ವಸಾಹತನ್ನೂ ಹೂಡಿದರು. ಬಂದವರು ಹುಡುಕಿದ್ದು ವಸಂತರಾಯನನ್ನು, ಪಾದ್ರಿಗಳು ಕೊಡಲು ತಂದದ್ದು ಕ್ರಿಸ್ತನನ್ನು. ಪಾದ್ರಿಗಳು ನಿರೀಕ್ಷಿಸಿದಷ್ಟು ಜನ ಸಭೆಗೆ ಸೇರಲಿಲ್ಲ. ಯೆಹೂದ್ಯರೂ ಕ್ರೈಸ್ತರೂ ಎದುರುಬದುರಾದ ಹಳೆಯ ಕಥೆ ಮಲ್ಲಸಮುದ್ರದಲ್ಲಿ ಕನ್ನಡದಲ್ಲಿ ನಡೆಯಿತು.

ಕೊನೆಗೆ ಬಾಳೆಹೊಸೂರಿನ ಅಣ್ಣನವರಿಗೆ ನನ್ನ ತೀರ್ಪು ಇಷ್ಟು. ರಾಶಿ ಒಂದೇ, ಸೇರು ಎರಡು. ಯೆಹೂದ್ಯರ ಸೇರಿನಲ್ಲಿ ಅಳೆದರೆ ಯೇಸುವಿನಿಂದ ಮೆಸ್ಸೀಯನ ಕೆಲಸ ಪೂರ್ತಿಯಾಗಿಲ್ಲ. ಕ್ರೈಸ್ತರ ಸೇರು ಶಿಲುಬೆಯ ನಂತರ ತಯಾರಾದದ್ದು, ಅದರಲ್ಲಿ ಅಳೆದರೆ ತುಂಬಿ ತುಳುಕುತ್ತದೆ. ಕರಪತ್ರ ಬಿಸಾಡಬೇಡಿ. ಅದರಲ್ಲಿ ಕೊಟ್ಟ ಒಂದೊಂದು ವಚನಕ್ಕೂ ಹಳೆ ಒಡಂಬಡಿಕೆ ತೆಗೆದು, ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ.