ಇಂದಿನ ಧಮ್ಮ ಚಿಂತನೆ: ಐದನೇ ಶೀಲ ಮತ್ತು ಒಂದು ಅಬ್ಬರದ ಹಾಡು



ಇವತ್ತಿನ ವಿಷಯ ಹೆವಿ ಮೆಟಲ್ ಹಾಡು ಅಂದರೆ ಕೆಲವರಿಗೆ ನಗು ಬರಬಹುದು. ಅಮೆರಿಕದ ಮೆಟಾಲಿಕಾ ತಂಡ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ನನ್ನ ಮಗ ಹೋಗಿದ್ದ. ಮನೆಯಲ್ಲಿ ಅದನ್ನು ಹಾಕಿದರೆ "ನಿಲ್ಸಪ್ಪಾ ಆ ಕಿರುಚಾಟ" ಅನ್ನುತ್ತಿದ್ದವನು ನಾನು.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ. 22 ಪ್ರತಿಜ್ಞೆ ಸ್ವೀಕರಿಸಿದ ಮೇಲೆ ಆರು ವರ್ಷ ನಾನು ಹೆಂಡ ಮುಟ್ಟಿರಲಿಲ್ಲ. ತಮ್ಮ ತೀರಿಕೊಂಡಾಗ ಮತ್ತೆ ಕುಡಿದೆ. ನಾಚಿಕೆಯಿಂದ ಮೂರು ತಿಂಗಳು ವಿಹಾರದ ಕಡೆ ತಲೆ ಹಾಕಲಿಲ್ಲ. ಕೆಲಸ ಜಾಸ್ತಿ ಎಂದು ಗುಂಪಿನಲ್ಲಿ ಬರೆದಿದ್ದೆ. ಹಾಗೆ ನಾಲ್ಕನೇ ಶೀಲವೂ ಹೋಯಿತು!

ಒಂದು ರಾತ್ರಿ ಮಗ ಪಕ್ಕದಲ್ಲಿ ಕೂತು 1986ರ 'ಮಾಸ್ಟರ್ ಆಫ್ ಪಪೆಟ್ಸ್' ಹಾಡಿನ ಅರ್ಥ ಹೇಳಿದ. ಅದರಲ್ಲಿ ಮಾತಾಡುವುದು ನಶೆಯೇ. ಸೇವಿಸಿದವನನ್ನು ಸೂತ್ರದ ಬೊಂಬೆ ಮಾಡಿಕೊಂಡು ಅವನ ಯಜಮಾನನಾಗಿ ನಿಲ್ಲುತ್ತದೆ. ಗುಲಾಮಗಿರಿ ಅಂದರೆ ಏನು ಎಂದು ನಮ್ಮ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಯಜಮಾನನನ್ನು ನಾನೇ ದುಡ್ಡು ಕೊಟ್ಟು ಮನೆಗೆ ಕರೆತಂದಿದ್ದೆ.

ಅದನ್ನು ಹಾಡಿದ ಜೇಮ್ಸ್ ಹೆಟ್‌ಫೀಲ್ಡ್ 2001ರಲ್ಲಿ ಕುಡಿತ ಬಿಡಲು ಚಿಕಿತ್ಸೆಗೆ ಸೇರಿದರು. ವಾಪಸ್ ಬಂದ ಮೇಲೆ ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ ಎಂದು ಗೆರೆ ಹಾಕಿಕೊಂಡರು. ಜೊತೆಗಾರರಿಗೆ ಸಿಟ್ಟು ಬಂದರೂ ಬಿಡಲಿಲ್ಲ. ಇದೆಲ್ಲ 2004ರ ಸಾಕ್ಷ್ಯಚಿತ್ರದಲ್ಲಿದೆ. ಆಮೇಲೆ 2019ರಲ್ಲಿ ಮತ್ತೆ ಚಿಕಿತ್ಸೆಗೆ ಹೋಗಬೇಕಾಯಿತು, ಆಸ್ಟ್ರೇಲಿಯಾ ಪ್ರವಾಸವನ್ನು ತಂಡ ಮುಂದೂಡಿತು. "ಹಾಡು ಬಂದು 33 ವರ್ಷ ಆಗಿತ್ತಪ್ಪಾ" ಅಂದ ಮಗ. ಇನ್ನೇನೂ ಹೇಳಲಿಲ್ಲ.

ನಾವು ಪ್ರತಿ ವಂದನೆಯಲ್ಲೂ 'ಸಿಕ್ಖಾಪದಂ ಸಮಾದಿಯಾಮಿ' ಅನ್ನುತ್ತೇವೆ. ಕನ್ನಡದ ಕಿವಿಗೆ ಶಿಕ್ಷೆ ಎಂದರೆ ದಂಡನೆ. ಶೀಲ ಮುರಿದವನಿಗೆ ಶಿಕ್ಷೆ ಎಂದೇ ಇಷ್ಟು ವರ್ಷ ನನ್ನ ಮನಸ್ಸಿನಲ್ಲಿತ್ತು. ಪಾಲಿಯ ಸಿಕ್ಖಾ ಎಂದರೆ ಕಲಿಕೆ, ಅಭ್ಯಾಸ. ಒಂದೇ ಸಲಕ್ಕೆ ಮುಗಿಯುವುದಾಗಿದ್ದರೆ ಪ್ರತಿ ವಾರ ಯಾಕೆ ಹೇಳಿಸುತ್ತಿದ್ದರು?

ಬುದ್ಧರು ಮಾರ್ಗದಾತ, ಮೋಕ್ಷದಾತ ಅಲ್ಲ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತೋರಿಸಿದ್ದಾರೆ. ಅಂಗುಲಿಮಾಲ ಭಿಕ್ಷುವಾದ ಮೇಲೂ ಜನರ ಕಲ್ಲೇಟು ತಪ್ಪಲಿಲ್ಲ. ತಲೆ ಒಡೆದು, ಭಿಕ್ಷಾಪಾತ್ರೆ ಚೂರಾಗಿ ಬಂದವನಿಗೆ ಬುದ್ಧರು ಸಹಿಸಿಕೋ ಎಂದರು, ಹಿಂದಿನದನ್ನು ಅಳಿಸಿ ಕೊಡಲಿಲ್ಲ. ಸಂಘದಿಂದ ಹೊರಗೂ ಹಾಕಲಿಲ್ಲ.

ಮುಂದಿನ ಭಾನುವಾರ ವಿಹಾರಕ್ಕೆ ಹೋಗಿ ಕೊನೇ ಸಾಲಿನಲ್ಲಿ ನಿಂತೆ. ಹಿರಿಯ ಅಕ್ಕ ಒಬ್ಬರು ಏನೂ ಕೇಳದೆ ಚಾಪೆಯಲ್ಲಿ ಸರಿದು ಜಾಗ ಕೊಟ್ಟರು. ಐದನೇ ಶೀಲ ಬಂದಾಗ ನನ್ನ ದನಿ ಸರಿಯಾಗಿ ಏಳಲಿಲ್ಲ, ಆದರೂ ಹೇಳಿದೆ.

ಇವತ್ತಿಗೆ 41 ದಿನ.

ಜೈ ಭೀಮ್.