ಭಾಷಣ ಮುಗಿದ ಮೇಲೂ ಪಾಠ ಉಳಿಯಲಿ

ಕಳೆದ ವರ್ಷ ನಾವು ಕೆಲವು ವಿದ್ಯಾರ್ಥಿಗಳು ಜಿ.ಎಸ್.ಟಿ. ಕುರಿತ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆವು. ನನ್ನ ಮನೆಮಾತು ಉರ್ದು. ಭಾಷಣ ಇಂಗ್ಲಿಷಿನಲ್ಲಿ, ಅದೂ ಬಹಳ ವೇಗವಾಗಿ. 'ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್' ಎಂಬಲ್ಲಿ ನನ್ನ ಪೆನ್ನು ನಿಂತಿತು. ಅರ್ಥ ಯೋಚಿಸುವಷ್ಟರಲ್ಲಿ ಮೂರು ಸ್ಲೈಡ್‌ಗಳು ದಾಟಿಹೋದವು. ಅಬ್ಬಾ ಅವರ ಸಣ್ಣ ಅಂಗಡಿಗೆ ಬೇಕಾದ ವಿಷಯವೇ ಅದು. ರಾತ್ರಿ ಅವರು ಕೇಳಿದಾಗ ನಾನು ಅರ್ಧ ಪುಟದ ನೋಟ್ಸ್ ಹಿಡಿದು ಸುಮ್ಮನೆ ನಿಂತೆ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆಯುವುದೇ ಅದು ಎಂದು ಪುಸ್ತಕ ನೋಡಿ ತಿಳಿದದ್ದು ಎಷ್ಟೋ ದಿನಗಳ ನಂತರ. ಆ ಭಾಷಣವನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ.

ರೆಕಾರ್ಡ್ ಮಾಡಿದರೆ ಏನು ಲಾಭ ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಪ್ಯೂಟರ್ ತಜ್ಞರ ಸಮ್ಮೇಳನ ನಡೆಯಿತು. ಅಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಸುಮಾರು 90 ನಿಮಿಷ ತಮ್ಮ ತಂಡದ ಕೆಲಸವನ್ನು ವಿವರಿಸಿದರು. ಮೌಸ್ ಬಳಸಿ ಪರದೆಯ ಮೇಲೆ ಪದಗಳನ್ನು ಸರಿಸಿದರು. ದೂರದ ಮೆನ್ಲೊ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಗಳ ಮುಖ ಅದೇ ಪರದೆಯಲ್ಲಿ ಕಾಣುವಂತೆ ಮಾಡಿ ಅವರೊಡನೆ ಮಾತನಾಡಿದರು. ಸಭಾಂಗಣದಲ್ಲಿದ್ದವರು ಸುಮಾರು 1,000 ಜನ. ಆದರೆ ಅದನ್ನು ಚಿತ್ರೀಕರಿಸಿದ್ದರಿಂದ ಇಂದಿಗೂ ಯಾರು ಬೇಕಾದರೂ ನೋಡಬಹುದು.

ಆ ಸಮ್ಮೇಳನಕ್ಕೆ ಅವರ ಪ್ರಬಂಧವೂ ಅಚ್ಚಾಗಿತ್ತು. ಆದರೆ ಕೈ ಚಲಿಸಿದಂತೆ ಪರದೆಯ ಗುರುತು ಚಲಿಸುವುದನ್ನು ಪ್ರಬಂಧ ತೋರಿಸಲಾರದು. ಇದಕ್ಕೆ ಮೌಸ್ ಎಂದು ಯಾಕೆ ಹೆಸರು ಬಂತೋ ನನಗೆ ಗೊತ್ತಿಲ್ಲ ಎಂದು ಅವರು ಹೇಳುವುದೂ ಆ ಚಿತ್ರದಲ್ಲಿದೆ. ದೊಡ್ಡ ವಿದ್ವಾಂಸರೂ 'ಗೊತ್ತಿಲ್ಲ' ಎನ್ನುವುದನ್ನು ಕೇಳಿದಾಗ ನಮಗೂ ಪ್ರಶ್ನೆ ಕೇಳುವ ಧೈರ್ಯ ಬರುತ್ತದೆ.

ರೆಕಾರ್ಡಿಂಗ್ ಇದ್ದರೆ ಅರ್ಥವಾಗದ ಕಡೆ ನಿಲ್ಲಿಸಿ ಮತ್ತೆ ಕೇಳಬಹುದು. ಬಸ್ ಖರ್ಚಿಗೆ ಹಣವಿಲ್ಲದವರು, ಮನೆಯಿಂದ ಹೊರಡಲಾಗದವರು, ಅಂದು ಕಾಯಿಲೆಯಾಗಿದ್ದವರು ಎಲ್ಲರಿಗೂ ಅದು ಸಿಗುತ್ತದೆ.

ಮಾಡುವ ಕ್ರಮ ಸುಲಭ:

1. ಭಾಷಣಕಾರರ ಅನುಮತಿ ಮೊದಲೇ ಪಡೆಯಬೇಕು. ಅವರು ಬೇಡವೆಂದರೆ ಬೇಡ.
2. ಚಿತ್ರಕ್ಕಿಂತ ಧ್ವನಿ ಮುಖ್ಯ. ಮೊಬೈಲನ್ನು ಭಾಷಣಕಾರರ ಹತ್ತಿರ ಇಡಬೇಕು.
3. ಸಭಿಕರ ಪ್ರಶ್ನೆಗಳನ್ನು ಮೈಕಿನಲ್ಲಿ ಮತ್ತೊಮ್ಮೆ ಹೇಳಿಸಬೇಕು.
4. ಹೆಸರು, ವಿಷಯ, ದಿನಾಂಕ ಬರೆದು, ಸ್ಲೈಡ್‌ಗಳ ಜೊತೆ ಗ್ರಂಥಾಲಯದಲ್ಲಿ ಇಡಬೇಕು.

ರೆಕಾರ್ಡಿಂಗ್ ಇದೆಯೆಂದು ಯಾರೂ ಸಭೆಗೆ ಬರದೆ ಇರಬಾರದು. ಎದುರು ಕುಳಿತವರಿಗೆ ಮಾತ್ರ ಪ್ರಶ್ನೆ ಕೇಳಲು ಸಾಧ್ಯ. ನಮ್ಮ ಕಾಲೇಜಿನ ಮುಂದಿನ ಸಂಕಿರಣದಲ್ಲಿ ಅನುಮತಿ ಕೇಳುವ ಕೆಲಸ ನನಗಿರಲಿ. ಜೊತೆಗೆ ಒಬ್ಬರು ಬಂದರೆ ಸಾಕು.